ಹಲಗೆ ನೆಲವೇ ಬೇಕು ಅಂದವಳು

ಡೆಲಿಸಾ ಮೊದಲು ಚಪ್ಪಲಿ ಬಿಡುತ್ತಾಳೆ, ಆಮೇಲೆ ಬಾಯಿ ಬಿಡುತ್ತಾಳೆ. ನಮ್ಮ ಬೊಹೋಲ್ ದ್ವೀಪದ ಈ ಊರಲ್ಲಿ ಯಾರ ಮನೆಯ ಪಾರ್ಟಿ ಇರಲಿ, ಜಾಗ ನೋಡೋಕೆ ಅವಳನ್ನೇ ಕರೀತಾರೆ. ಗಾಳಿ ಬರುತ್ತಾ, ಕಕ್ಕಸು ಎಲ್ಲಿದೆ, ಮಳೆ ಬಂದರೆ ಗತಿಯೇನು, ಎಲ್ಲ ನೋಡುತ್ತಾಳೆ. ಕೊನೆಗೆ ಬರಿಗಾಲ ಹಿಮ್ಮಡಿಯಿಂದ ನೆಲಕ್ಕೆ ಎರಡು ಗುದ್ದು ಗುದ್ದಿ, "ಸತ್ತ ನೆಲ" ಅಂದುಬಿಡುತ್ತಾಳೆ. ಹುಟ್ಟಿದಾಗಿನಿಂದ ಅವಳ ಪಕ್ಕದ ಮನೆಯವಳು ನಾನು. ಈ ಮಾತು ಕೇಳಿ ಕೇಳಿ ನನಗಂತೂ ಸಾಕಾಗಿಹೋಗಿದೆ.

ಈ ಸಲ ನಮ್ಮ ಮುದುಕರ ಸಂಘದ್ದೇ ಪಾರ್ಟಿ, ಪ್ರೇಮಿಗಳ ದಿನದ್ದು. ಅಧ್ಯಕ್ಷ ನೆಮೆಸಿಯೊಗೆ ಕಡಲ ದಂಡೆಯ ರೆಸಾರ್ಟಿನ ಏಸಿ ಹಾಲ್ ಬೇಕು. ಡೆಲಿಸಾ ಒಪ್ಪಲಿಲ್ಲ.

"ಹಳೇ ಕೊಬ್ಬರಿ ಗೋದಾಮಲ್ಲಿ ಮಾಡೋಣ. ಹಲಗೆ ನೆಲ ಉಳಿದಿರೋದು ಅದೊಂದೇ."

"ಅಲ್ಲಿ ಇಲಿ ಕುಣೀತಾವೆ ಕಣೇ!"

"ಯಾವ ನೆಲ ಒಳ್ಳೇದು ಅಂತ ಇಲಿಗೂ ಗೊತ್ತು. ನಿಂಗೇ ಗೊತ್ತಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದ ನೆಮೆಸಿಯೊ. "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ಅರವತ್ತೆಂಟು!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ಡೆಲಿಸಾ ತಲೆ ತಗ್ಗಿಸಿದ್ದು ಕಂಡು ಅವಳನ್ನು ಎಬ್ಬಿಸಿಕೊಂಡು ಹೊರಟೆ. ಮನೆಗೆ ಬರುವ ದಾರಿಯಲ್ಲಿ ಕೇಳಿದೆ, "ಉಬಾಲ್ಡೊಗಾಗಿ ತಾನೇ?"

"ಹೂಂ," ಅಂದಳು. "ಇನ್ನೊಂದೇ ಒಂದು ಸಲ ಅವನ ಜೊತೆ ಕುಣೀಬೇಕು ಕಣೇ. ಇಲ್ಲಾಂದ್ರೆ ನನ್ನ ಜೀವ ನೆಮ್ಮದಿಯಾಗಿ ಹೋಗಲ್ಲ."

ಉಬಾಲ್ಡೊ ಮೀನುಗಾರ. ಇಪ್ಪತ್ತನೇ ವಯಸ್ಸಲ್ಲಿ ಸಿಡಿಮದ್ದು ಎಸೆದು ಮೀನು ಹಿಡಿಯೋಕೆ ಹೋಗಿ ಎರಡೂ ಕಿವಿ ಕಿವುಡು ಮಾಡಿಕೊಂಡ. ಆಗೆಲ್ಲ ಊರಿನ ಡಾನ್ಸ್ ಆ ಗೋದಾಮಲ್ಲೇ. ಡ್ರಮ್ ಬಡಿದರೆ ಹಲಗೆ ಅದುರೋದು, ಅವನಿಗೆ ಅಂಗಾಲಲ್ಲೇ ತಾಳ ಸಿಗೋದು. ಡೆಲಿಸಾಳ ಕೈ ಹಿಡಿದು ಅವನು ಕುಣಿದರೆ, ಕಿವಿ ನೆಟ್ಟಗಿದ್ದವರೆಲ್ಲ ಬದಿಗೆ ಸರಿದು ನೋಡಬೇಕಿತ್ತು. ಎಂಥ ಜೋಡಿ ಅದು!

ಮರುವರ್ಷ ಊರಿಗೆ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಕಣ ಬಂತು, ಬಣ್ಣದ ದೀಪ ಬಂತು. ಹಬ್ಬದ ಡಾನ್ಸ್ ಎಲ್ಲಿ ಅಂತ ಸಭೆಯಲ್ಲಿ ಕೇಳಿದಾಗ, ಸಿಮೆಂಟಿಗೆ ಮೊದಲು ಕೈ ಎತ್ತಿದವಳು ಡೆಲಿಸಾನೇ. ಬಣ್ಣದ ದೀಪದ ಕೆಳಗೆ ಅವನ ಜೊತೆ ಕುಣಿಯೋ ಆಸೆ ಪಾಪ, ನೆಲದ ವಿಚಾರ ತಲೆಗೇ ಬರಲಿಲ್ಲ. ಅವತ್ತು ಉಬಾಲ್ಡೊ ಹಾಡು ನಿಂತ ಮೇಲೂ ಕುಣೀತಾನೇ ಇದ್ದ. ಜನ ಬಿದ್ದು ಬಿದ್ದು ನಕ್ಕರು. ಅವನು ಅವಳ ಕೈ ಬಿಟ್ಟು ಹೊರಟೇಹೋದ. ಮತ್ತೆ ಅವಳ ಮನೆ ಮೆಟ್ಟಿಲು ಹತ್ತಲಿಲ್ಲ. ಬೇರೆ ಊರಲ್ಲಿ ಮದುವೆಯಾದ. ಈಗ ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಮನೆಗೆ ಅಂತ ವಾಪಸ್ ಬಂದಿದ್ದಾನೆ. ಡೆಲಿಸಾ ಮದುವೆ ಆಗಲೇ ಇಲ್ಲ.

ಮರುದಿನ ನಾನೇ ನೆಮೆಸಿಯೊ ಮನೆಗೆ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ ಜಗಳ ಆಡಿದೆ. ಗೋದಾಮೇ ಅಂತ ಗಟ್ಟಿಯಾಯಿತು. ನಾವಿಬ್ಬರೂ ಮೂರು ದಿನ ಕಸ ಹೊಡೆದೆವು, ಆದರೂ ಕೊಬ್ಬರಿಯ ಕಮಟು ವಾಸನೆ ಹೋಗಲಿಲ್ಲ.

ಪಾರ್ಟಿಯ ಮಧ್ಯಾಹ್ನ ಉಬಾಲ್ಡೊ ಕೋಲು ಊರಿಕೊಂಡು ಬಂದ. ಡೆಲಿಸಾ ಅವನ ಮುಂದೆ ನಿಂತು, ತನ್ನ ಚಪ್ಪಲಿ ಬಿಟ್ಟು, ಅವನ ಕಾಲಿನ ಕಡೆ ಬೆರಳು ತೋರಿಸಿದಳು. ಅವನಿಗೆ ಅರ್ಥವಾಯಿತು. ಕೋಲು ನನ್ನ ಕೈಗೆ ಕೊಟ್ಟು ಅವನೂ ಚಪ್ಪಲಿ ಬಿಟ್ಟ. ಬ್ಯಾಂಡಿನವರು ಡ್ರಮ್ ಬಡಿದರು. ನನ್ನ ಕಾಲಿಗೇ ಜುಂ ಅಂತ ಬಂತು. ಉಬಾಲ್ಡೊ ಕಣ್ಣು ಮುಚ್ಚಿ ನಿಂತ. ಅರ್ಧ ಹಾಡು ಮುಗಿಯಿತು, ಅವನು ಕದಲಲಿಲ್ಲ.

"ಸಕ್ಕರೆ ಕಾಯಿಲೆ, ಡೆಲಿಸಾ," ಅಂದ, ಕಿವುಡರ ಏರು ದನಿಯಲ್ಲಿ. "ಆರು ವರ್ಷ ಆಯ್ತು. ಕಾಲಿಗೆ ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ."

ಅಯ್ಯೋ, ಇಷ್ಟೆಲ್ಲ ಮಾಡಿದ್ದು ಇದಕ್ಕಾ!

"ಕಿವುಡನ ಮುಂದೆ ಶಂಖ ಊದಿದ ಹಾಗಾಯ್ತು," ಅಂದ ಹಿಂದಿನಿಂದ ನೆಮೆಸಿಯೊ. ಆ ಕೋಲು ಅವನ ಕಡೆ ಎತ್ತಿದೆ, ಬಾಯಿ ಮುಚ್ಚಿಕೊಂಡ.

ಡೆಲಿಸಾ ಅಳಲಿಲ್ಲ. ಬಗ್ಗಿ ಅವನ ಕಾಲಿಗೆ ಚಪ್ಪಲಿ ತೊಡಿಸಿದಳು. ಆಮೇಲೆ ಒಂದು ಕೈಯಲ್ಲಿ ಅವನ ಕೈ ಹಿಡಿದು, ಇನ್ನೊಂದನ್ನು ಬೆನ್ನ ಮೇಲಿಟ್ಟು, ಡ್ರಮ್ಮಿನ ತಾಳಕ್ಕೆ ಸರಿಯಾಗಿ ತಟ್ಟತೊಡಗಿದಳು. ಮಗುವನ್ನು ಮಲಗಿಸುವಾಗ ತಟ್ಟುತ್ತೀವಲ್ಲ, ಹಾಗೆ. ಅವನ ಕಾಲು ಕದಲಿತು. ಒಂದು ಹೆಜ್ಜೆ, ಇನ್ನೊಂದು. ಆಮೇಲೆ ಒಂದೂ ತಪ್ಪಲಿಲ್ಲ.

ಹಾಡು ನಿಂತಾಗ ಅವಳ ಕೈ ನಿಂತಿತು. ಅವನೂ ನಿಂತ. ಅವಳ ಮುಖವನ್ನೇ ನೋಡುತ್ತ, ಇಡೀ ಗೋದಾಮಿಗೆ ಕೇಳುವ ಹಾಗೆ ಕೇಳಿದ:

"ಅವತ್ತು ಸಿಮೆಂಟಿನ ಮೇಲೂ ಹೀಗೆ ತಟ್ಟಬಾರದಿತ್ತೇನೇ?"

ಡೆಲಿಸಾ ಆಗ ಅತ್ತಳು. ಕೈ ಮಾತ್ರ ಅವನ ಬೆನ್ನ ಮೇಲೇ ಇತ್ತು.