ಊರು ತಿನ್ನಿಸಿ ಕಟ್ಟಿದ ಗೋಡೆ

ಆರ್ಲಿಸ್ ಟಿಬ್ಸ್ ಸಣ್ಣಗಾಗುತ್ತಿದ್ದಾನೆ ಅನ್ನುವ ಸುದ್ದಿ ಹಾಲಿಸ್ ಬೆಂಡ್ ಊರಿಗೆ ಮೊದಲು ಗೊತ್ತಾದದ್ದು ಕ್ಷೌರದಂಗಡಿಯಲ್ಲಿ. ಅವನಿಗೆಂದೇ ಗೋಡೆ ಪಕ್ಕ ಒಂದು ಬೆಂಚು ಹಾಕಿಸಿಟ್ಟಿದ್ದರು. ಅವತ್ತು ಅವನು ಬೆಂಚು ಬಿಟ್ಟು ಎಲ್ಲರಂತೆ ಕುರ್ಚಿಯಲ್ಲಿ ಕೂತ, ಕುರ್ಚಿಯ ಎರಡು ಕೈಗಳ ನಡುವೆ ಸಲೀಸಾಗಿ ಹಿಡಿಸಿದ. ಕ್ಷೌರಿಕ ಲೆಮ್ಯುಯಲ್ ಕತ್ತರಿ ಕೆಳಗಿಟ್ಟು, "ಅರ್ಧ ಮನುಷ್ಯ ಕಾಣಿಸ್ತಿಲ್ವಲ್ಲೋ, ಎಲ್ಲಿ ಅಡವಿಟ್ಟು ಬಂದೆ?" ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮನೆಗೆ ಹೋಗಿ ಹೆಂಡಿರಿಗೆ ಹೇಳುವಾಗ ಮಾತ್ರ ಯಾರೂ ನಗಲಿಲ್ಲ. ಅಮೆರಿಕದ ದಕ್ಷಿಣದ ಲೂಯಿಸಿಯಾನದ ಈ ಮೂಲೆಯಲ್ಲಿ ದಪ್ಪಗಿದ್ದವನು ಸಣ್ಣಗಾದರೆ ಅದು ಒಂದೋ ಕ್ಯಾನ್ಸರ್, ಇಲ್ಲವೋ ಸಕ್ಕರೆ ಕಾಯಿಲೆ. ಬೇಕೆಂದೇ ಸಣ್ಣಗಾಗುವ ವಿದ್ಯೆ ಇಲ್ಲಿ ಯಾರಿಗೂ ಬರುವುದಿಲ್ಲ.

ಅದೂ ಆರ್ಲಿಸ್ ಅಂದರೆ ಊರಿನ ಆಸ್ತಿ. ಅವನು ಹುಡುಗನಾಗಿದ್ದಾಗ ಮೈಗೆ ಮೈ ಗುದ್ದಿ ಆಡುವ ಅಮೆರಿಕನ್ ಫುಟ್ಬಾಲಿನ ಶಾಲಾ ಕೋಚ್ ಹಾಲಿಫೀಲ್ಡ್ ಒಂದು ಭಾನುವಾರ ಚರ್ಚಿನ ಊಟದ ಮನೆಗೆ ಬಂದು, ಸಂತೆಯಲ್ಲಿ ಹೋರಿಯ ಹೆಗಲು ಮುಟ್ಟಿ ನೋಡುವ ಹಾಗೆ ಅವನ ಹೆಗಲು ಮುಟ್ಟಿ ನೋಡಿದ. ಆಮೇಲೆ ಅಡಿಗೆಯ ಯಜಮಾನಿ, ಚರ್ಚಿನ ಹಿರಿಯಳೆಂದು ಊರೆಲ್ಲ ಮದರ್ ಅನ್ನುವ ಯೂಲಾ ಕಡೆ ತಿರುಗಿ, ಮೂಳೆ ದೇವರು ಕೊಟ್ಟಿದ್ದಾನೆ, ಮಾಂಸ ನೀವು ಕೊಡಿ ಅಂದ. ಮದರ್ ಯೂಲಾ ಅದನ್ನು ದೈವಾಜ್ಞೆ ಎಂದೇ ತಿಳಿದಳು. ಹುಡುಗನ ತಾಯಿ ಮೀನಿನ ಕಾರ್ಖಾನೆಯಲ್ಲಿ ದುಡಿದು ದಣಿದು ಬರುವವಳು. ಮಗನಿಗೆ ಊರೇ ತುತ್ತಿಡುತ್ತದೆಂದರೆ ಬೇಡ ಅನ್ನುತ್ತಾಳೆಯೆ? ಒಂದು ಮನೆಯಿಂದ ಕರಿದ ಕೋಳಿ, ಇನ್ನೊಂದರಿಂದ ಗ್ರೇವಿಯಲ್ಲಿ ಮುಳುಗಿದ ಹಂದಿಮಾಂಸ, ಮತ್ತೊಂದರಿಂದ ಗೆಣಸಿನ ಪೈ. ಹರಕೆಯ ಕುರಿಯನ್ನೂ ಇಷ್ಟು ಪ್ರೀತಿಯಿಂದ ಯಾರೂ ಮೇಯಿಸಿರಲಿಕ್ಕಿಲ್ಲ.

ಕುರಿ ಬೆಳೆಯಿತು. ಪದವಿ ಕೊಡುತ್ತೇವೆಂದ ಕಾಲೇಜು ಮೂರೂವರೆ ವರ್ಷ ಊಟ ಕೊಟ್ಟಿತು. ಅಲ್ಲಿಂದ ದುಡ್ಡು ಕೊಟ್ಟು ಆಡಿಸುವ ದೊಡ್ಡ ತಂಡಗಳಿಗೆ ಹೋದ. ರಕ್ಷಣೆಯ ಸಾಲಿನ ನಟ್ಟನಡುವೆ, ಚೆಂಡಿಗೆ ಮೂಗು ತಾಗಿಸಿ ಬಗ್ಗುವ ಜಾಗ ಅವನದು. ಎದುರಿನಿಂದ ಇಬ್ಬರು ಬಂದು ಗುದ್ದಬೇಕು, ಇವನು ಕದಲಬಾರದು, ಅಷ್ಟೇ ಕೆಲಸ. ಆ ಇಬ್ಬರು ಇವನಿಗೆ ಗಂಟುಬಿದ್ದಿರುವಾಗ ಇವನ ಹಿಂದಿನವನು ಬಿಡುವಾಗಿ ಓಡಿ ಹೋಗಿ ಚೆಂಡಿನವನನ್ನು ಕೆಡವಿ, ಎದೆ ಬಡಿದುಕೊಂಡು ಕುಣಿಯುತ್ತಾನೆ. ಕುಣಿದವನಿಗೆ ಬೂಟಿನ ಜಾಹೀರಾತು, ಇವನಿಗೆ ಬೆನ್ನುನೋವಿನ ಗುಳಿಗೆ. ಟಿವಿಯವರು ಆರ್ಲಿಸ್ ಹೆಸರು ಹೇಳುತ್ತಿದ್ದದ್ದು ಅವನು ತಪ್ಪು ಮಾಡಿದಾಗ, ಇಲ್ಲವೇ ಬಿದ್ದು ಏಳದಿದ್ದಾಗ.

ಒಂದು ತಂಡದ ಕೋಚಿಗೆ ಅವನು ಮುನ್ನೂರ ಮೂವತ್ತು ಪೌಂಡು, ಅಂದರೆ ನೂರೈವತ್ತು ಕಿಲೋ, ತೂಗಬೇಕು. ಹಾಗಿದ್ದವನನ್ನು ಮುಂದಿನ ಕೋಚ್ ಕಡ್ಡಿ ಅಂದ, ಮೂವತ್ತು ಪೌಂಡು ಹಾಕಿಸಿದ. ಅವನ ನಂತರದವನು ಹಂದಿ ಅಂದ, ಇಳಿಸಿಕೋ ಅಂತ ದಂಡ ಹಾಕಿದ. ದರ್ಜಿ ಅಂಗಿ ಸಡಿಲಿಸಿ ಬಿಗಿ ಮಾಡುವ ಹಾಗೆ ಮನುಷ್ಯನ ಮೈಯನ್ನು ಸಡಿಲಿಸಿ ಬಿಗಿ ಮಾಡಿದರು. ತಂಡದ ಮಾಲೀಕರು ಮೇಲೆ ಗಾಜಿನ ಕೋಣೆಯಲ್ಲಿ ಕೂತು ಸಲಾಡ್ ತಿನ್ನುತ್ತಿದ್ದರು. ಅವರಿಗೆ ಹೃದಯದ ಚಿಂತೆ, ಪಾಪ.

ಇತ್ತ ಹಾಲಿಸ್ ಬೆಂಡಿನ ಚರ್ಚ್ ಹಾಲ್‌ನಲ್ಲಿ ಊರೆಲ್ಲ ಟಿವಿ ಮುಂದೆ. ಅಗೋ ಆ ಅಗಲ ಬೆನ್ನು ನಮ್ಮದು ಅಂತ ಗಂಡಸರು ಬೆರಳು ತೋರಿಸಿದರೆ, ಆ ಬೆನ್ನಲ್ಲಿ ನನ್ನ ಪೈ ಎಷ್ಟಿದೆ ಗೊತ್ತೇ ಅಂತ ಹೆಂಗಸರು ಪಾಲು ಕೇಳುತ್ತಿದ್ದರು.

ಹೀಗೆ ಆಡುತ್ತ ಒಂಬತ್ತನೇ ವರ್ಷ ಮಂಡಿ ಹೋಯಿತು. ತಂಡದ ಪಟ್ಟುಗಳನ್ನು ಬರೆದಿಟ್ಟ ಆಟದ ಪುಸ್ತಕ ಹಿಡಿದುಕೊಂಡು ಕೋಚ್ ಹತ್ತಿರ ಬಾ ಅಂತ ಕರೆ ಬಂತು. ಪುಸ್ತಕ ವಾಪಸ್ ಇಸಿದುಕೊಂಡರೆ ಕೆಲಸ ಹೋಯಿತೆಂದೇ ಅರ್ಥ, ಬೇರೆ ಮಾತು ಬೇಕಿಲ್ಲ. ಆರ್ಲಿಸ್ ಊರಿಗೆ ಬಂದು ಟೈರಿನ ಅಂಗಡಿ ಹಾಕಿದ. ಆಟ ನಿಂತಿತು, ತಟ್ಟೆ ನಿಲ್ಲಲಿಲ್ಲ.

ಹೀಗಿರುವಾಗ ಅವನ ಪಕ್ಕದಲ್ಲೇ ಭುಜಕ್ಕೆ ಭುಜ ಕೊಟ್ಟು ಆಡಿದ್ದ ಡಿವೇನ್ ರಕರ್, ನಲವತ್ತೆರಡಕ್ಕೆ, ಸೋಫಾದ ಮೇಲೆ ಕೂತಲ್ಲೇ ಸತ್ತ. ಅಲಬಾಮಾದ ಅವನ ಊರಿಗೆ ಹೋಗಿ ಆರ್ಲಿಸ್ ಜೊತೆ ಶವಪೆಟ್ಟಿಗೆಗೆ ಹೆಗಲು ಕೊಟ್ಟವರೆಲ್ಲ ಅದೇ ಅಳತೆಯ ಹಳೇ ಆಟಗಾರರು. ಅರ್ಧ ದಾರಿಯಲ್ಲಿ ಎಲ್ಲರೂ ಏದುಸಿರು ಬಿಡುತ್ತ ನಿಂತರು. ಮಣ್ಣು ಮಾಡಿ ಬಂದವರಿಗೆ ಕರಿದ ಕೋಳಿಯ ಊಟ. ಆರ್ಲಿಸ್ ಆ ತಟ್ಟೆಯನ್ನು ನೋಡುತ್ತ ಕೂತ. ಊರಿಗೆ ಬಂದವನು ಡಾಕ್ಟರ ಹತ್ತಿರ ಹೋದ. ಆಕೆ ನೇರ ಮಾತಿನ ಹೆಂಗಸು. ಹೃದಯ ಊದಿಕೊಂಡಿದೆ, ಮೂರನೇ ಒಂದು ಪಾಲು ಮೈ ಇಳಿಸು, ಇಲ್ಲವಾದರೆ ನಿನ್ನ ಹೆಂಡತಿಗೆ ಶವಪೆಟ್ಟಿಗೆ ಮಾಡಿಸಿಡೋಕೆ ಹೇಳು ಅಂದಳು.

ಅವತ್ತಿನಿಂದ ಬೇಳೆ, ಬೇಯಿಸಿದ ಸೊಪ್ಪು, ಬೆಳಿಗ್ಗೆ ನದಿಯ ಏರಿಯ ಮೇಲೆ ನಡಿಗೆ. ಮೈ ಇಳಿಯಿತು. ಇಳಿದದ್ದೇ ತಪ್ಪಾಯಿತು.

ಭಾನುವಾರ ಪಾಸ್ಟರ್ ಬ್ರೂಮ್ ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ಮೊದಲ ಹೆಸರೇ ಆರ್ಲಿಸ್‌ನದು. ನಮ್ಮ ಸೋದರನ ಮೈ ಕರಗಿ ಹೋಗುತ್ತಿರುವುದನ್ನು ತಡೆ ಪ್ರಭುವೇ ಅಂತ ಬೇಡಿಕೊಂಡರು. ಅವನು ಎದ್ದು ನಿಂತು ನಾನು ಚೆನ್ನಾಗಿದ್ದೇನೆ ಅಂದದ್ದಕ್ಕೆ ಹೆಂಗಸರು ಕಣ್ಣೊರೆಸಿಕೊಂಡರು. ಕೊನೆಗಾಲದಲ್ಲಿ ಎಲ್ಲರೂ ಹಾಗೇ ಅನ್ನುತ್ತಾರಂತೆ. ಮರುದಿನದಿಂದ ಮನೆ ಬಾಗಿಲಿಗೆ ಊಟದ ಪಾತ್ರೆಗಳ ಮೆರವಣಿಗೆ. ಹೆಂಡತಿ ಶಾವಾನ್ ಫ್ರಿಜ್ ತುಂಬಿಸಿ, ನೆರೆಯವರ ಫ್ರಿಜ್ಜನ್ನೂ ತುಂಬಿಸಿ, "ನೀನು ಸತ್ತಿದ್ರೂ ಇಷ್ಟೇ ಬರ್ತಿತ್ತು. ಬದುಕಿರುವಾಗ್ಲೇ ಬಂದಿದೆ, ಖುಷಿಪಡು" ಅಂದಳು. ತಿನ್ನುತ್ತಿಲ್ಲ ಅನ್ನುವುದು ತಿಳಿದ ಮೇಲೆ ಮಾತು ತಿರುಗಿತು. ಆಡಲು ಹೋಗಿ ಉತ್ತರದ ತಣ್ಣನೆ ಊರುಗಳಲ್ಲಿ ಇದ್ದು ಬಂದವನಲ್ಲವೆ, ನಾಲಿಗೆಗೆ ಕೊಬ್ಬು ಬಂದಿದೆ, ನಮ್ಮ ಊಟ ಹಿಡಿಸುತ್ತಿಲ್ಲ ಅಂದರು. ಕಾಯಿಲೆಗಿಂತ ದೊಡ್ಡ ಆರೋಪ ಅದು.

ಶನಿವಾರ ಮಧ್ಯಾಹ್ನ ಮದರ್ ಯೂಲಾ ತಾನೇ ಬಂದಳು. ಎಂಬತ್ತು ದಾಟಿದವಳು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅಲ್ಯೂಮಿನಿಯಂ ಹಾಳೆ ಮುಚ್ಚಿದ ತಟ್ಟೆ. ಜಗಲಿಯ ಮೇಲೆ ಅವನ ತೊಡೆಗೇ ತಟ್ಟೆ ಇಟ್ಟು ಹಾಳೆ ತೆಗೆದಳು. ಹಂದಿಮಾಂಸ, ಗ್ರೇವಿ, ಬೆಣ್ಣೆ ಕುಡಿದ ಮೆಕ್ಕೆಜೋಳದ ಕಾರ್ನ್‌ಬ್ರೆಡ್. ಆ ವಾಸನೆಗೆ ಆರ್ಲಿಸ್‌ನ ಕೈ ತಾನಾಗಿ ಮುಳ್ಳುಚಮಚ ಹಿಡಿಯಿತು. ಎದುರಿಗೆ ಇಬ್ಬರಲ್ಲ, ನಾಲ್ವರು ಬಂದು ಗುದ್ದಿದ್ದರೂ ಅವನು ಇಷ್ಟು ಅಲುಗಾಡಿರಲಿಲ್ಲ.

"ನನ್ನ ಕೈ ಊಟ ಬಿಟ್ಟಿದೀಯಂತೆ," ಅಂದಳು.

"ಮದರ್, ಇದನ್ನ ತಿಂದ್ರೆ ನಾನು ಸಾಯ್ತೀನಿ."

"ನನ್ನ ಅಡಿಗೆ ತಿಂದು ಯಾರೂ ಸತ್ತಿಲ್ಲ, ಮಗಾ."

ಅವನು ಚರ್ಚಿರುವ ದಿಕ್ಕಿಗೆ ನೋಡಿದ. ಚರ್ಚಿನ ಹಿಂದೆ ಅವಳ ಗಂಡ ವಿಲ್ಬರ್ಟ್ ಮಣ್ಣಲ್ಲಿ ಮಲಗಿದ್ದಾನೆ, ಪಕ್ಕದಲ್ಲಿ ಇಬ್ಬರು ಗಂಡುಮಕ್ಕಳು. ಮೂವರ ತಿಥಿಯೂಟವನ್ನೂ ಅವಳೇ ಬೇಯಿಸಿ ಬಡಿಸಿದ್ದಳು.

"ವಿಲ್ಬರ್ಟ್‌ಗೆ ಹೃದಯದ್ದು," ಅಂದಳು. "ಅದು ಅವರ ವಂಶದಲ್ಲೇ ಇತ್ತು."

"ನಾನೇನೂ ಹೇಳ್ಲಿಲ್ಲ, ಮದರ್."

"ಕೇಳಿಸ್ತು ಬಿಡು."

ಅವನು ಚಮಚ ಕೆಳಗಿಟ್ಟ. ತಟ್ಟೆಯನ್ನು ಎತ್ತಿ ಅವಳ ಕೈಗೆ ವಾಪಸ್ ಕೊಟ್ಟ. ಈ ಊರಲ್ಲಿ ಅಂಥ ಕೆಲಸ ಯಾರೂ ಮಾಡಿರಲಿಲ್ಲ. ಅವಳು ಅದನ್ನು ಹಿಡಿದುಕೊಂಡು ನಿಂತೇ ಇದ್ದಳು.

"ಹಾಗಾದ್ರೆ ನಾನು ನಿಂಗೇನು ಕೊಡ್ಲೋ?" ಅಂದಳು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು.

ಅವನು ಪಕ್ಕದ ಕುರ್ಚಿ ಎಳೆದ. ಕೂತ್ಕೊಳ್ಳಿ ಅಂದ. ಕೂತಳು. ಊಟ ಆರುತ್ತಿತ್ತು. ಅನ್ನ ಚೆಲ್ಲುವುದು ಅವಳ ಜಾತಕದಲ್ಲಿಲ್ಲ, ಹಾಗಾಗಿ ತಾನೇ ಒಂದು ತುಂಡು ಬಾಯಿಗಿಟ್ಟಳು. ಇಷ್ಟು ವರ್ಷ ಬಡಿಸಿದವಳು ಉಣ್ಣುವುದನ್ನು ಆರ್ಲಿಸ್ ನೋಡಿದ್ದು ಅವತ್ತೇ ಮೊದಲು. ನಿಧಾನ ಅಗಿದು ಮುಖ ಕಿವುಚಿದಳು.

"ಉಪ್ಪು ಜಾಸ್ತಿ ಆಗಿದೆ."

"ಹೂಂ."

"ಮೊದ್ಲಿಂದ್ಲೂ ಹೀಗೇನಾ?"

"ಮೊದ್ಲಿಂದ್ಲೂ ಹೀಗೇ, ಮದರ್."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ? ಇಡೀ ಊರಿಗೇ ತಿನ್ನಿಸಿದೀನಲ್ಲೋ."

ಮರುದಿನ ಪಾಸ್ಟರ್ ಕಾಯಿಲೆಯವರ ಹೆಸರು ಶುರುಮಾಡಿ ಆರ್ಲಿಸ್ ಅಂದಕೂಡಲೇ ಮದರ್ ಯೂಲಾ ಮುಂದಿನ ಸಾಲಿನಿಂದ ಕೋಲು ಎತ್ತಿದಳು. ಅವನಿಗೆ ಕಾಯಿಲೆ ಇಲ್ಲ, ಹಟ ಇದೆ, ಹಟಕ್ಕೆ ಪ್ರಾರ್ಥನೆ ವ್ಯರ್ಥ ಮಾಡಬೇಡಿ ಅಂದಳು. ಅವಳಿಗೆ ಎದುರು ಮಾತಾಡುವ ಧೈರ್ಯ ಪಾಸ್ಟರಿಗೂ ಇಲ್ಲ. ಅವರು ಮುಂದಿನ ಹೆಸರಿಗೆ ಹೋದರು.