ತಂಗಿಯ ಪಾಲಿಗೆ ಹೋದ ಕಾರು

ಗ್ಯಾರೇಜುಗಳ ಓಣಿಯಲ್ಲಿ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದ ಆಕೆಯನ್ನು ಮೆಕ್ಯಾನಿಕ್‌ಗಳೆಲ್ಲ ‘ಪಾರ್ಟ್ಸ್ ಅಕ್ಕ’ ಅಂತಲೇ ಕರೆಯುತ್ತಿದ್ದರು. ಅಂಗಡಿ ಅಪ್ಪ ಕಟ್ಟಿದ್ದು. ಚಿಕ್ಕಂದಿನಿಂದ ಅವರ ಜೊತೆ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಬೆಳೆದವಳು ಆಕೆ. ಅಪ್ಪ ತೀರಿಹೋಗುವ ಮುಂಚೆ ಅಂಗಡಿಯನ್ನು ಅವಳ ಕೈಗಿಟ್ಟು, ತಾವು ಜೀವದ ಹಾಗೆ ನೋಡಿಕೊಂಡಿದ್ದ ಹಳೇ ನೀಲಿ ಕಾರನ್ನು ಮಾತ್ರ ತಂಗಿಯ ಹೆಸರಿಗೆ ಮಾಡಿಬಿಟ್ಟರು. ಟೈರು ಬಿಚ್ಚಲೂ ಬಾರದ ತಂಗಿಗೆ. ಅಕ್ಕ ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಆ ಕಾರು ಓಣಿಯಲ್ಲಿ ಹಾದುಹೋದಾಗಲೆಲ್ಲ ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಗುತ್ತಿತ್ತು.

ಒಂದು ಬೇಸಿಗೆಯ ಬೆಳಿಗ್ಗೆ ಅದೇ ಕಾರು ಅಂಗಡಿಯ ಬಾಗಿಲಿಗೇ ಬಂದು ನಿಂತಿತು. ಏರು ಹತ್ತುವಾಗ ಇಂಜಿನ್ ವಿಪರೀತ ಬಿಸಿಯಾಗುತ್ತಿದೆ, ಥರ್ಮೋಸ್ಟಾಟ್ ಅಂಟಿಕೊಂಡಿದೆಯಂತೆ, ಹೊಸದು ಬೇಕು ಅಂದಳು ತಂಗಿ. ಇಂಜಿನ್ನಿನ ನೀರು ತಕ್ಕಷ್ಟು ಬಿಸಿಯಾಗುವ ತನಕ ತಡೆಹಿಡಿದು, ಆಮೇಲೆ ಬಾಯಿ ತೆರೆದು ರೇಡಿಯೇಟರಿಗೆ ಬಿಡುವ ಪುಟ್ಟ ಸಾಮಾನು ಅದು. ಆ ಕಾರಿಗೆ ಕೂರುವಂಥವು ಅಂಗಡಿಯಲ್ಲಿ ಎರಡಿದ್ದವು. ಒಂದು ಎಂಬತ್ತೆರಡು ಡಿಗ್ರಿಗೆ ತೆರೆಯುವುದು. ಇನ್ನೊಂದು ಚಳಿಯ ಸೀಮೆಗೆಂದು ಮಾಡಿದ್ದು, ತೊಂಬತ್ತೆರಡಾಗುವ ತನಕ ಜಪ್ಪಯ್ಯ ಅಂದರೂ ಬಾಯಿ ಬಿಡುವುದಿಲ್ಲ.

“ನೀನೇ ನೋಡಿ ಕೊಡಕ್ಕ, ನನಗೇನು ತಿಳಿಯುತ್ತೆ?”

ಅಕ್ಕನ ಕೈ ತೊಂಬತ್ತೆರಡರ ಡಬ್ಬಿಗೇ ಹೋಯಿತು. ಕಾರು ನಡುದಾರಿಯಲ್ಲಿ ಕುದಿದು ನಾಲ್ಕು ಸಲ ನಿಂತರೆ ತಂಗಿಗೆ ಸಾಕುಸಾಕಾಗುತ್ತದೆ, ಮಾರುತ್ತೇನೆ ಅನ್ನುತ್ತಾಳೆ. ಕೊಳ್ಳುವುದಕ್ಕೆ ತಾನಿದ್ದೇನಲ್ಲ. ಡಬ್ಬಿ ಮೇಜಿನ ಮೇಲೆ ಬಂದೂ ಆಯಿತು. ಅಷ್ಟರಲ್ಲಿ ಹೊರಗೆ ನಿಂತಿದ್ದ ಕಾರಿನ ಮೇಲೆ ಕಣ್ಣು ಬಿತ್ತು. ಕುದಿತ ಹೆಚ್ಚಾದರೆ ಇಂಜಿನ್ನೇ ಬಿರುಕು ಬಿಡುತ್ತದೆ. ಸಿಟ್ಟು ತಂಗಿಯ ಮೇಲೆ, ಸುಡುವುದು ಅಪ್ಪನ ಕಾರು. ಅವಳು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡು, ಪರೀಕ್ಷೆ ಮಾಡದೆ ಏನೂ ಕೊಡುವುದಿಲ್ಲ ಅಂದಳು.

ಒಳಕೋಣೆಯ ಸ್ಟೌವಿನ ಮೇಲೆ ನೀರಿಟ್ಟು, ಎಂಬತ್ತೆರಡರದ್ದನ್ನು ತಂತಿಗೆ ಕಟ್ಟಿ ಇಳಿಬಿಟ್ಟಳು. ಪಕ್ಕದಲ್ಲೇ ಥರ್ಮಾಮೀಟರ್. ಅಪ್ಪ ತನಗೊಬ್ಬಳಿಗೇ ಕಲಿಸಿದ ವಿದ್ಯೆ ಅಂತ ಅವಳಿಗೆ ಒಳಗೊಳಗೇ ಹೆಮ್ಮೆ. ತಂಗಿ ಬಂದು ಪಾತ್ರೆಯ ಮೇಲೆ ಬಗ್ಗಿದಳು.

“ಇನ್ನೇನು ಬಾಯಿ ಬಿಡುತ್ತೆ, ನೋಡು.”

ಬಿಟ್ಟಿತು. ಅಕ್ಕನ ಮುಖ ಚಿಕ್ಕದಾಯಿತು. “ನಿನಗೆ ಹೇಗೆ ಗೊತ್ತು?”

“ಅಪ್ಪ ತೋರಿಸಿದ್ರು. ನೀನು ಅಂಗಡೀಲಿ ಇರ್ತಿದ್ದೆ. ‘ನನ್ನ ಕೈ ನಡುಗುತ್ತೆ, ತಂತಿ ನೀನು ಹಿಡ್ಕೋ’ ಅಂತಿದ್ರು.”

ಅಪ್ಪ ಕಾಯಿಲೆ ಬಿದ್ದ ಮೇಲೆ ಮಧ್ಯಾಹ್ನಗಳಲ್ಲಿ ಅವರ ಜೊತೆ ಕೂತವಳು ತಂಗಿ. ಅದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಯಾವತ್ತೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ. ಈಗ ಕಾರಿನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಆ ಮಧ್ಯಾಹ್ನಗಳ ಕಡೆಗೆ ತಿರುಗಿಕೊಂಡಿತು. ಕಾರನ್ನಾದರೆ ಎಂದಾದರೂ ಕೊಳ್ಳಬಹುದಿತ್ತು.

ಎಂಬತ್ತೆರಡರದ್ದನ್ನು ತಾನೇ ಕೂರಿಸಿ, ಬೋಲ್ಟು ಬಿಗಿದು, ನೀರು ತುಂಬಿದಳು. ತಂಗಿ ಓಡಿಸಿದಳು, ಅಕ್ಕ ಪಕ್ಕದಲ್ಲಿ ಕೂತಳು. ಏರು ಹತ್ತುವಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಸ್ವಲ್ಪವಾದರೂ ಮೇಲಕ್ಕೆ ಹೋಗಲಿ ಅಂತ ಮನಸ್ಸಿನ ಮೂಲೆಯಲ್ಲಿ ಆಸೆಯಿತ್ತು. ಅದು ಅಲ್ಲಾಡದೆ ನಡುವೆಯೇ ನಿಂತಿತು.

“ಅಪ್ಪ ಮತ್ತೇನೇನು ಹೇಳ್ತಿದ್ರು?” ಕಿಟಕಿಯಾಚೆ ನೋಡುತ್ತಲೇ ಕೇಳಿದಳು ಅಕ್ಕ.

ತಂಗಿ ಹೇಳುತ್ತಾ ಹೋದಳು. ಒಂದೊಂದು ಮಾತಿಗೂ ಅಕ್ಕನ ಹೊಟ್ಟೆ ಉರಿಯಿತು. ಆದರೂ ಮಾತು ನಿಂತಾಗಲೆಲ್ಲ, “ಆಮೇಲೆ?” ಅಂದಳು.