ಕೊನೆಯ ಹನ್ನೆರಡು ಹಾಳೆ

ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸದಲ್ಲಿ ಅವಳು ಎಂಥೆಂಥ ಗಿರಾಕಿಗಳನ್ನೋ ಸಂಭಾಳಿಸಿದ್ದಳು. ತಲೆ ತಿನ್ನುವವರು ಮಾತ್ರ ಮನೆಯಲ್ಲೇ ಇದ್ದರು.

ಮನೆಯಲ್ಲಿದ್ದ ಹಳೆಯ ಕೈಬರಹದ ಪುಸ್ತಕದ ಪದ್ಯಗಳನ್ನು ಮನೆತನದ ಗುರುಗಳೇ ಹೇಳಿ ಬರೆಸಿದ್ದೆಂದು ಎಲ್ಲರ ನಂಬಿಕೆ. ಕೊನೆಯ ಹನ್ನೆರಡು ಹಾಳೆ ಮಾತ್ರ ಆಮೇಲೆ ಯಾರೋ ಸೇರಿಸಿದ್ದೆಂದು ಪಂಡಿತರೊಬ್ಬರು ಹೇಳಿದ್ದೇ ತಡ, ಮೂರು ತಿಂಗಳಿಂದ ಕಿತ್ತಾಡುತ್ತಿದ್ದ ಗಂಡನೂ ಮೈದುನನೂ ಒಂದಾಗಿಬಿಟ್ಟರು.

"ಅತ್ತಿಗೆ, ಹೊಲಿಗೆ ಬಿಚ್ಚಿ ಆ ಹಾಳೆ ತೆಗೆದುಬಿಡಿ," ಎಂದ ಮೈದುನ.

"ಅತ್ತೆ ಕೇಳೋ ಪದ್ಯ ಅದರಲ್ಲೇ ಇರೋದು."

"ಸುಳ್ಳು ಓದಿ ಅಮ್ಮನಿಗೆ ಮೋಸ ಮಾಡೋದಾ?"

ಅತ್ತೆ ಹಾಸಿಗೆ ಹಿಡಿದು ಎರಡು ವರ್ಷ. ದಿನಾ ಬೆಳಿಗ್ಗೆ ಮಗ್ಗುಲು ಹೊರಳಿಸಿ ಬೆನ್ನು ಒರೆಸದಿದ್ದರೆ ಹುಣ್ಣಾಗುತ್ತದೆ. ಮುಟ್ಟಿದರೆ ಸಾಕು, ಮುದುಕಿ ಕೊರಡಿನಂತೆ ಬಿಗಿಯುತ್ತಾಳೆ. ಆ ಹಾಳೆಯ ಮೇಲೆ ತನ್ನ ಬೆರಳಿಟ್ಟುಕೊಂಡು ಪದ್ಯ ಕೇಳಿದರೆ ಮಾತ್ರ ಮೈ ಸಡಿಲ ಬಿಡುತ್ತಾಳೆ. ಬಾಯಿಪಾಠ ಒಪ್ಪಿಸಿದರೆ, "ನೋಡಿ ಓದೇ," ಎಂದು ಗದರುತ್ತಾಳೆ. ಇದೆಲ್ಲ ಮಕ್ಕಳಿಗೆ ಗೊತ್ತಿಲ್ಲ. ಆ ಹೊತ್ತಿಗೆ ಅವರು ಪೇಪರ್ ಓದುತ್ತಿರುತ್ತಾರೆ.

ಅವಳು ಬಿಸಿನೀರಿನ ಬೋಗುಣಿ ತಂದು ಮೈದುನನ ಕೈಗಿಟ್ಟಳು. "ತಗೋಳಪ್ಪ. ನಿಜವಾದ ಪದ್ಯ ಓದಿ ನೀವೇ ಹೊರಳಿಸಿ."

ಗಂಡ ಗುರುಗಳ ಪದ್ಯವನ್ನು ರಾಗವಾಗಿ ಓದಿದ. ಮೈದುನ ಅಮ್ಮನ ಭುಜ ಹಿಡಿದ. ಅತ್ತೆ ಹಲ್ಲುಕಚ್ಚಿ ನರಳಿದಳು. "ಅದಲ್ವೋ! ನಂದು ಓದೋ!"

"ಅದು ಗುರುಗಳದ್ದಲ್ಲಮ್ಮ."

"ಯಾರದಾದ್ರೆ ನನಗೇನು? ಬೆನ್ನು ಉರೀತಿದೆ!"

ಅವಳು ಗಂಡನ ಕೈಯಿಂದ ಪುಸ್ತಕ ಕಿತ್ತುಕೊಂಡು ಅತ್ತೆಯ ಬೆರಳನ್ನು ಹಾಳೆಯ ಮೇಲಿಟ್ಟು ಓದಿದಳು.

"ಇರುವಷ್ಟು ದಿನ ಈ ಮೈ ನಿನ್ನ ಮನೆ, ಗುಡಿಸಲು ಬಂದವಳಿಗೆ ಬಾಗಿಲು ತೆರೆ."

ಮುದುಕಿ ನಿಟ್ಟುಸಿರು ಬಿಟ್ಟು ತಾನಾಗಿಯೇ ಮಗ್ಗುಲಾದಳು. ಬೆನ್ನ ಮೇಲೆ ಕೆಂಪು ಕಲೆಯೊಂದು ಆಗಲೇ ಮೂಡಿತ್ತು. ಅವಳು ಬಟ್ಟೆ ಹಿಂಡಿ ಮೆಲ್ಲಗೆ ಒರೆಸಿದಳು.

"ಇದನ್ನ ಬರೆದವರು ಯಾರೋ ನನಗೂ ಗೊತ್ತಿಲ್ಲ," ಎಂದಳು. "ಒಂದು ದಿನವಾದ್ರೂ ಇನ್ನೊಬ್ಬರ ಬೆನ್ನು ಒರೆಸಿದವರೇ ಇರಬೇಕು. ನಿಮ್ಮ ಪಂಡಿತರು ಒರೆಸಿದ್ದಾರಾ, ಕೇಳಿ ಬನ್ನಿ. ಹೊಲಿಗೆ ನಾನಂತೂ ಬಿಚ್ಚಲ್ಲ."

ಮೈದುನ ಕೊಳೆನೀರಿನ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತೇ ಇದ್ದ.

"ಅತ್ತಿಗೆ, ಇದನ್ನ ಎಲ್ಲಿ ಚೆಲ್ಲೋದು?"

"ಹುಟ್ಟಿದಾಗಿಂದ ಇದೇ ಮನೇಲಿದ್ದೀಯಲ್ಲೋ, ಬಚ್ಚಲು ಎಲ್ಲಿದೆ ಅಂತಾನೂ ಪಂಡಿತರೇ ಹೇಳ್ಬೇಕಾ?"